ಕೆರೆಯ ಲೆಕ್ಕ ಊರಿನ ಕೈಯಲ್ಲಿರಲಿ

(ಕೋಲಾರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ದಿನವಿಡೀ ದುಡಿದು ದಣಿದು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ಈ ಸಂಜೆ ನಾನು ಕೂಲಿಯ ಮಾತನ್ನಾಗಲಿ ಚುನಾವಣೆಯ ಮಾತನ್ನಾಗಲಿ ಆಡಲು ನಿಂತಿಲ್ಲ. ನೀರಿನ ಮಾತು ಆಡುತ್ತೇನೆ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಹಿರಿಯರು ಅದಕ್ಕಾಗಿ ಅಳುತ್ತ ಕೂರಲಿಲ್ಲ, ಕೆರೆ ಕಟ್ಟಿದರು. ಒಂದರ ಕೋಡಿ ಹರಿದರೆ ಕೆಳಗಿನ ಕೆರೆಗೆ ಸೇರುವಂತೆ ಸಾಲಾಗಿ ಕಟ್ಟಿದರು. ತೂಬು ಕಾಯಲು ನೀರುಗಂಟಿಯನ್ನು ಇಟ್ಟು, ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅಳೆದು ಕೊಟ್ಟರು. ಆಮೇಲೆ ಕೊಳವೆಬಾವಿ ಬಂತು, ಕೆರೆಯನ್ನು ಮರೆತೆವು. ಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಮೇಲೆ ಬಂತು. ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿತು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ದಿನಕ್ಕೆ 440 ದಶಲಕ್ಷ ಲೀಟರ್ ನೀರು, ನೂರಕ್ಕೂ ಹೆಚ್ಚು ಕೆರೆಗಳು: ಇದು ಯೋಜನೆ. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆ ಕೊಟ್ಟಿತು. ಆ ವರ್ಷವೇ ಅದು ತೆರವಾಗಿ ಮತ್ತೆ ನೀರು ಹರಿಯಿತು.

ಅಂದಿನಿಂದ ನಮ್ಮಲ್ಲಿ ಎರಡು ಪಂಗಡ. ಒಬ್ಬರು ಇದು ವಿಷ ಎನ್ನುತ್ತಾರೆ, ಇನ್ನೊಬ್ಬರು ಇದು ಅಮೃತ ಎನ್ನುತ್ತಾರೆ. ಬತ್ತಿದ ಕೆರೆ ತುಂಬಿದ್ದು ಸುಳ್ಳಲ್ಲ. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಬೇಕೆಂಬ ಬೇಡಿಕೆಯೂ ನ್ಯಾಯವಾದದ್ದು. ಎರಡನೆಯ ಹಂತ ದಾಟಿದ ನೀರಿನಲ್ಲೂ ಸಾರಜನಕ, ರಂಜಕಗಳು ಉಳಿದಿರುತ್ತವೆ. ಅವು ಪಾಚಿಗೆ ಗೊಬ್ಬರ. ಆದರೆ ನಾನು ಎರಡೂ ಪಂಗಡದವರನ್ನು ಕೇಳುವುದು ಒಂದೇ: ನಿಮ್ಮ ಊರಿನ ಕೆರೆಯ ಲೆಕ್ಕದ ಪುಸ್ತಕ ಎಲ್ಲಿ?

“ಇದು ವಿಜ್ಞಾನಿಗಳ ಕೆಲಸ, ನಮಗೇನು ತಿಳಿಯುತ್ತದೆ?” ಎನ್ನುತ್ತೀರಿ. ನಾನೂ ಹಾಗೆಯೇ ತಿಳಿದಿದ್ದವನು. ಮೆಟ್ರಿಕ್ ಪಾಸು ಮಾಡಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವನು. ಒಮ್ಮೆ ಮಧ್ಯಾಹ್ನ ಮಕ್ಕಳನ್ನು ಕೆರೆಗೆ ಕರೆದೊಯ್ದು, “ನೋಡಿ, ಮೀನು ಆಡುತ್ತಿವೆ, ನೀರು ಚೆನ್ನಾಗಿದೆ” ಎಂದು ಪಾಠ ಮಾಡಿದೆ. ಮೀನು ಹಿಡಿಯುವವರ ಮನೆಯ ಹುಡುಗನೊಬ್ಬ, “ಮೇಷ್ಟ್ರೇ, ಬೆಳಗಿನ ಜಾವ ಬನ್ನಿ” ಎಂದ. ಹೋದೆ. ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಏದುತ್ತಿದ್ದವು. ಆ ದಿನ ಪಾಠ ಕಲಿತವನು ನಾನು.

ಕಾರಣ ಸರಳ. ಹಗಲು ಬಿಸಿಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಹೀರುತ್ತದೆ. ಸೂರ್ಯ ಹುಟ್ಟುವ ಮೊದಲು ಅದು ತೀರ ಕಡಿಮೆ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಕಚೇರಿಯ ಹೊತ್ತಿಗೆ ಜೀಪಿನಲ್ಲಿ ಬರುವ ಅಧಿಕಾರಿಗೆ ಆ ಬೆಳಗಿನ ಜಾವ ಎಂದೂ ಕಾಣದು. ರಾತ್ರಿ ಪಾಳಿ ಮುಗಿಸಿ ಏರಿಯ ಮೇಲೆ ಸೈಕಲ್ ತುಳಿದು ಬರುವ ಕಾರ್ಮಿಕನಿಗೆ ಕಾಣುತ್ತದೆ.

ಆದ್ದರಿಂದ ನನ್ನ ಸೂಚನೆ ಇದು. ಕೆರೆಗೆ ನಾಲ್ವರು ನಿಲ್ಲಿ. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು. ಬಣ್ಣ, ವಾಸನೆ, ನೊರೆ, ಮೀನಿನ ಸ್ಥಿತಿಗಳನ್ನು ತಾರೀಖು ಸಹಿತ ಬರೆಯಿರಿ. ಒಂದು ಗೇಣಗಲದ ಬಿಳಿ ತಟ್ಟೆಗೆ ಭಾರ ಕಟ್ಟಿ ಹಗ್ಗದಲ್ಲಿ ಇಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಯಿತೆಂದು ಅಳೆಯಿರಿ. ಇಟಲಿಯ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಸಮುದ್ರದ ತಿಳಿಯನ್ನು ಅಳೆದದ್ದು ಹೀಗೆಯೇ. ಕುಡಿಯುವ ನೀರಿಗಾದರೆ, ಹಳ್ಳಿಗೆ ಐವರು ಮಹಿಳೆಯರಿಗೆ ಪರೀಕ್ಷೆಯ ಪೆಟ್ಟಿಗೆ ಬಳಸಲು ಕಲಿಸುವ ಏರ್ಪಾಡು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಲ್ಲಿದೆ. ನಿಮ್ಮ ಹಳ್ಳಿಯ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ.

ಒಂದು ಎಚ್ಚರಿಕೆ. 1974ರ ಜಲ ಕಾಯಿದೆಯಂತೆ, ನಾವು ತುಂಬಿಟ್ಟ ಸೀಸೆ ಸಾಕ್ಷ್ಯವಾಗದು. ಮಂಡಳಿಯ ಅಧಿಕಾರಿ ವಿಧಿಪ್ರಕಾರ ತೆಗೆದ ಮಾದರಿಗೇ ಆ ಬೆಲೆ. ಹಾಗಾದರೆ ನಮ್ಮ ಪುಸ್ತಕ ಏಕೆ? ಎಂದು, ಎಲ್ಲಿ, ಎಷ್ಟು ಹೊತ್ತಿಗೆ ಬಂದು ಮಾದರಿ ತೆಗೆಯಬೇಕೆಂದು ಅಧಿಕಾರಿಗೆ ತೋರಿಸಲು. ತ್ಯಾಜ್ಯ ಬಿಡಲು ಯಾರಿಗೆ ಯಾವ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿದೆ ಎಂಬ ದಾಖಲೆಯನ್ನು ಬಾಧಿತರು ನೋಡಬಹುದೆಂದು 25ನೆಯ ಕಲಮು ಹೇಳುತ್ತದೆ. 60 ದಿನಗಳ ನೋಟೀಸು ಕೊಟ್ಟು ಸಾಮಾನ್ಯ ಪ್ರಜೆಯೂ ನ್ಯಾಯಾಲಯಕ್ಕೆ ದೂರು ಒಯ್ಯಬಹುದೆಂದು 1988ರ ತಿದ್ದುಪಡಿ 49ನೆಯ ಕಲಮಿನಲ್ಲಿ ಸೇರಿಸಿತು. ಹಕ್ಕು ಪುಸ್ತಕದಲ್ಲಿದೆ, ಎತ್ತಿಕೊಳ್ಳುವ ಕೈ ಬೇಕು.

ಕೊನೆಗೆ ವ್ಯಾಪಾರಿ ಮಿತ್ರರ ಭಯ. “ನಮ್ಮ ಕೆರೆ ಕೆಟ್ಟಿದೆಯೆಂದು ನಾವೇ ಬರೆದರೆ ನಮ್ಮ ಟೊಮ್ಯಾಟೊ, ಸೊಪ್ಪನ್ನು ಕೊಳ್ಳುವವರು ಯಾರು?” ಈ ಭಯ ಸಣ್ಣದಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಆದರೆ ಯೋಚಿಸಿ. ಲೆಕ್ಕ ಇಲ್ಲದಿದ್ದರೆ ವದಂತಿ ಇರುತ್ತದೆ. ವದಂತಿ ಒಳ್ಳೆಯ ಕೆರೆ, ಕೆಟ್ಟ ಕೆರೆ ಎಂದು ಭೇದ ಮಾಡದೆ ಇಡೀ ಜಿಲ್ಲೆಯ ಬೆಳೆಗೆ ಮಸಿ ಬಳಿಯುತ್ತದೆ. ಮುದ್ರೆ ಹಾಕಿಸಿದ ತೂಕದ ಕಲ್ಲು ಇಟ್ಟವನಿಗೆ ಗಿರಾಕಿಯ ಮುಂದೆ ಅಂಜಿಕೆಯಿಲ್ಲ. ನೀರಿಗೂ ಅದೇ ನ್ಯಾಯ.

ಬಂಧುಗಳೇ, ನೀರುಗಂಟಿ ಒಬ್ಬನೇ ತೂಬು ಕಾದ ಕಾಲ ಮುಗಿಯಿತು. ಇಂದು ಕಾಯಬೇಕಾದದ್ದು ನೀರಿನ ಅಳತೆಯನ್ನಷ್ಟೇ ಅಲ್ಲ, ಅದರ ಗುಣವನ್ನೂ. ನಾಳೆ ಬೆಳಗಿನ ಜಾವ ನಾನು ಏರಿಯ ಮೇಲೆ ಇರುತ್ತೇನೆ, ಕೈಯಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ನಾಲ್ವರು ಬೇಕು. ಯಾರು ಬರುತ್ತೀರಿ, ಈಗಲೇ ಹೆಸರು ಹೇಳಿ.