ಒಂದು ಅಂಕದ ಪ್ರಶ್ನೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆಗುವುದು ಹೇಗೆ ಎಂದು ಮಾತಾಡಿ ಅಂತ ನನಗೆ ಹೇಳಿದ್ದರು. ಅದನ್ನು ಮಕ್ಕಳು ಮೊಬೈಲಿನಲ್ಲೇ ತಿಳಿದುಕೊಳ್ಳುತ್ತಾರೆ. ನಾನು ಬೇರೆ ಒಂದು ವಿಷಯ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕಿರುಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದರು: ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರ ಸಂಖ್ಯೆ ಎಷ್ಟು? ನಾನು 75 ಎಂದು ಬರೆದೆ. ಅಂಕ ಬಂತು. ಆದರೆ ಆ ಉತ್ತರದ ಅರ್ಥ ನನಗೆ ತಿಳಿದದ್ದು ಬಿಇ ಮುಗಿಸಿ ಎಷ್ಟೋ ವರ್ಷವಾದ ಮೇಲೆ, ವಿಧಾನಸೌಧದ ಗ್ಯಾಲರಿಯಲ್ಲಿ ಒಂದು ದಿನ ಕೂತಾಗ.

ಮೊದಲು ಮನೆಯ ಕಥೆ. ನಮ್ಮಮ್ಮ ಏಳನೇ ತರಗತಿ ಓದಿದವರು. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾದರು. ಮುಂದಿನ ವರ್ಷ ಒಂದು ರಾತ್ರಿ ಬೆಂಗಳೂರಿಗೆ ಫೋನ್ ಮಾಡಿದರು. ನಮ್ಮ ಮನೆಮಾತು ತೆಲುಗು, ಅವರು ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ಎಂಎಲ್‌ಸಿ ಓಟಂತೆ. ಗುಂಡಿ ಒತ್ತೋದಲ್ಲವಂತೆ, ಚಿಹ್ನೆಯೂ ಇರಲ್ಲವಂತೆ. ಹೆಸರಿನ ಮುಂದೆ ಒಂದು, ಎರಡು ಅಂತ ಬರೀಬೇಕಂತೆ. ಹಂಗೇಕೋ?" ನನಗೆ ಗೊತ್ತಿರಲಿಲ್ಲ. "ಕೇಳಿ ಹೇಳ್ತೀನಮ್ಮ" ಅಂದೆ. "ಇಂಜಿನಿಯರು ಯಾರನ್ನು ಕೇಳ್ತೀಯಪ್ಪ?" ಅಂದರು.

2021ರ ಡಿಸೆಂಬರ್ 10ರಂದು ಅಮ್ಮ ಸರದಿಯಲ್ಲಿ ನಿಂತು, ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1 ಎಂದು ಬರೆದು ಬಂದರು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆ ಸೇರಿ ಒಂದೇ ಸ್ಥಾನ. ಆ ಚುನಾವಣೆಯ ಸುತ್ತ ಏನೇನು ಮಾತು ಓಡಾಡುತ್ತದೆ ಎಂದು ನಿಮಗೆ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಅಮ್ಮ ಮಾತ್ರ ಯಾರ ಕಾರಿಗೂ ಹತ್ತದೆ ನಡೆದೇ ಹೋಗಿ ಬಂದರು.

ಎರಡೂವರೆ ವರ್ಷ ಕಳೆಯಿತು. 2024ರ ಜೂನ್ 3ರಂದು ಇದೇ ಶಾಲೆಯಿಂದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದರು. "ನಾನು ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿ ಬಂದೆ. ನಿಮಗೂ ಇವತ್ತೇ ಅಲ್ಲವೇನಪ್ಪ, ಬೆಂಗಳೂರು ಪದವೀಧರ ಕ್ಷೇತ್ರ? ಹಾಕಿದೆಯಾ?" ಎಂದು ಕೇಳಿದರು. ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ವಿಧಾನಸಭೆಗೆ ಇರುವ ಗುರುತಿನ ಚೀಟಿ ಇದಕ್ಕೂ ಆಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಪದವೀಧರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಪದವಿ ಪಡೆದು ಮೂರು ವರ್ಷವಾದವರು ಫಾರಂ 18 ತುಂಬಿ ಕೊಡಬೇಕು, ಶಿಕ್ಷಕರು ಫಾರಂ 19. ಏಳನೇ ತರಗತಿಯ ಅಮ್ಮ ಓಟು ಹಾಕಿದ್ದರು, ಮೇಷ್ಟ್ರು ಹಾಕಿದ್ದರು. ಪದವಿಯ ಹೆಸರಿನಲ್ಲೇ ಓಟು ಇದ್ದ ನಾನು ಹಾಕಿರಲಿಲ್ಲ.

ಆ ನಾಚಿಕೆಗೆ ಒಂದು ದಿನ ರಜೆ ಹಾಕಿ, ಪರಿಚಯದವರ ಮೂಲಕ ಪಾಸ್ ಪಡೆದು, ಆ ವರ್ಷದ ಮಳೆಗಾಲದ ಅಧಿವೇಶನ ನೋಡಲು ಹೋದೆ. ಫೋನನ್ನು ಹೊರಗೇ ಬಿಟ್ಟು ಹೋಗಬೇಕು. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಮಾತಾಡುವಂತಿಲ್ಲ. ನಮ್ಮ ಪಿರಿಯಡ್ಡಿನ ಹಾಗೆಯೇ ಅಲ್ಲೂ ಬೆಲ್ ಹೊಡೆಯುತ್ತದೆ. 75 ಜನರಲ್ಲಿ ಕನಿಷ್ಠ 10 ಜನ ಇಲ್ಲದಿದ್ದರೆ ಸದನ ನಡೆಸುವಂತಿಲ್ಲ. ಅದಕ್ಕೆ ಕೋರಂ ಎನ್ನುತ್ತಾರೆ.

ಈ 75 ಜನ ಬರುವುದು ಐದು ಬಾಗಿಲಿನಿಂದ. ಮಕ್ಕಳು ಬರೆದುಕೊಳ್ಳಿ. 25 ಜನರನ್ನು ಶಾಸಕರು ಆರಿಸುತ್ತಾರೆ. 25 ಜನರನ್ನು ಪಂಚಾಯಿತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ಆರಿಸುತ್ತಾರೆ. 7 ಜನ ಪದವೀಧರರಿಂದ, 7 ಜನ ಶಿಕ್ಷಕರಿಂದ ಬರುತ್ತಾರೆ. ಉಳಿದ 11 ಜನರನ್ನು ರಾಜ್ಯಪಾಲರು ನೇಮಿಸುತ್ತಾರೆ. ಒಬ್ಬೊಬ್ಬರಿಗೂ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗ ನಿವೃತ್ತರಾಗುತ್ತಾರೆ. ವಿಧಾನಸಭೆಯ ಹಾಗೆ ಇದು ಪೂರ್ತಿ ವಿಸರ್ಜನೆಯಾಗುವುದಿಲ್ಲ.

ದಿನದ ಮೊದಲ ಕಲಾಪ ಪ್ರಶ್ನೋತ್ತರ. ಸದಸ್ಯರು ಹಲವು ದಿನ ಮೊದಲೇ ಬರೆದುಕೊಟ್ಟ ಪ್ರಶ್ನೆಗಳಿರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ ಬರುತ್ತದೆ. ಆ ದಿನ ಬಂದ ಒಂದು ಪ್ರಶ್ನೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆಗಳದ್ದು. ಎಷ್ಟು ಖಾಲಿ, ಎಷ್ಟು ಕಡೆ ಅತಿಥಿ ಶಿಕ್ಷಕರು, ಯಾವಾಗ ತುಂಬುತ್ತೀರಿ ಎಂದು ಕೇಳಿದ್ದರು. ಹಂತ ಹಂತವಾಗಿ ಭರ್ತಿ ಮಾಡಲಾಗುವುದು ಎಂಬ ಉತ್ತರ ಬಂತು. ನಾಲ್ಕಾರು ಜನ ಉಪಪ್ರಶ್ನೆ ಕೇಳಿದರು. ಹತ್ತು ನಿಮಿಷದಲ್ಲಿ ಮುಂದಿನ ಪ್ರಶ್ನೆಗೆ ಹೋದರು.

ಆ ಹತ್ತು ನಿಮಿಷ ನಾನು ಗ್ಯಾಲರಿಯಲ್ಲಿ ಇರಲಿಲ್ಲ, ಈ ಶಾಲೆಯ ಮೂರನೇ ಕೊಠಡಿಯಲ್ಲಿದ್ದೆ. ನಮ್ಮ ಬ್ಯಾಚಿನವರಿಗೆ ನೆನಪಿರುತ್ತದೆ. ನಾವು ಹತ್ತನೇ ತರಗತಿಯಲ್ಲಿದ್ದಾಗ ಆಗಸ್ಟ್‌ನಲ್ಲಿ ವಿಜ್ಞಾನದ ಮೇಡಂಗೆ ವರ್ಗವಾಯಿತು. ಹುದ್ದೆ ತುಂಬಿದ್ದು ಜನವರಿಗೆ. ನಡುವೆ ಕನ್ನಡ ಪಂಡಿತರು ಬಂದು ಪುಸ್ತಕ ಓದಿಸುತ್ತಿದ್ದರು. ಅವರದು ತಪ್ಪಲ್ಲ, ಅವರಿಗೆ ಕೈಲಾದದ್ದು ಅದು. ನನಗೆ ಕೋಲಾರದಲ್ಲಿ ಸೋದರಮಾವನ ಮನೆ ಇತ್ತು. ಶನಿವಾರ ಭಾನುವಾರ ಅಲ್ಲಿದ್ದು ಟ್ಯೂಷನ್ ಮಾಡಿಕೊಂಡು ಪಾಸಾದೆ. ನನ್ನ ಬೆಂಚಿನ ಗೆಳೆಯನಿಗೆ ಅಂಥ ಮನೆ ಇರಲಿಲ್ಲ. ವಿಜ್ಞಾನದಲ್ಲಿ ಫೇಲಾದ. ಗಣಿತದಲ್ಲಿ ನನಗಿಂತ ಅವನಿಗೇ ಹೆಚ್ಚು ಅಂಕ ಬರುತ್ತಿತ್ತು.

ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಇವತ್ತು ಅವನಿಗೆ ಸ್ವಂತ ಗೂಡ್ಸ್ ಗಾಡಿ ಇದೆ. ಸೀಸನ್ನಿನಲ್ಲಿ ಶ್ರೀನಿವಾಸಪುರದ ಮಂಡಿಗೆ ಮಾವು, ಉಳಿದ ತಿಂಗಳು ಮಾಲೂರಿನಿಂದ ಇಟ್ಟಿಗೆ. ಯಾರಿಗೂ ಕೈ ಚಾಚದೆ ಮೂರು ಮಕ್ಕಳನ್ನು ಓದಿಸುತ್ತಿದ್ದಾನೆ. ಈ ಶಾಮಿಯಾನದ ಕಂಬಗಳು ಬಂದದ್ದೂ ಅವನ ಗಾಡಿಯಲ್ಲೇ. ಅವನ ಬದುಕು ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮುಂದೆ ಓದಬೇಕೋ ಬೇಡವೋ ಎನ್ನುವುದು ಅವನೇ ಮಾಡಬೇಕಿದ್ದ ತೀರ್ಮಾನ. ಅದನ್ನು ಮಾಡಿದ್ದು ಒಂದು ಖಾಲಿ ಹುದ್ದೆ. ಹಂತ ಹಂತ ಎಂದರೆ ಸರ್ಕಾರಕ್ಕೆ ಒಂದೆರಡು ವರ್ಷವಿರಬಹುದು. ಹತ್ತನೇ ತರಗತಿಗೆ ಇರುವುದು ಹತ್ತೇ ತಿಂಗಳು.

ಅಲ್ಲಿ ಹೀಗೆ ಕೇಳಿದರೆ ಇಲ್ಲಿ ಏನಾಗುತ್ತದೆ? ನಮ್ಮ ಗುರುಗಳಿಗೆ ಇದು ಚೆನ್ನಾಗಿ ಗೊತ್ತು. "ಎಲ್‌ಸಿಕ್ಯೂ ಬಂದಿದೆ, ಸಂಜೆಯೊಳಗೆ ಮಾಹಿತಿ ಕೊಡಿ" ಎಂದು ಬಿಇಒ ಕಚೇರಿಯಿಂದ ಫೋನ್ ಬಂದರೆ ಎಲ್ಲರಿಗೂ ಕಿರಿಕಿರಿ. ಎಲ್‌ಸಿಕ್ಯೂ ಅಂದರೆ ಪರಿಷತ್ತಿನ ಪ್ರಶ್ನೆ. ಸದಸ್ಯರು ಕೇಳಿದ್ದು ಇಲಾಖೆಗೆ, ಅಲ್ಲಿಂದ ಡಿಡಿಪಿಐ, ಬಿಇಒ, ಕೊನೆಗೆ ನಮ್ಮ ಸ್ಟಾಫ್ ರೂಮಿಗೆ. ಇಲ್ಲಿ ತುಂಬಿದ ಅಂಕಿಗಳು ಕೂಡಿ ಕೂಡಿ ಮಂತ್ರಿಗಳ ಕೈಯ ಉತ್ತರವಾಗುತ್ತವೆ. ಅತಿಥಿ ಶಿಕ್ಷಕರಿದ್ದಾರಲ್ಲ ಎಂದು ಖಾಲಿ ಹುದ್ದೆಯ ಕಾಲಂನಲ್ಲಿ ಸೊನ್ನೆ ಬರೆದರೆ, ವಿಧಾನಸೌಧದಲ್ಲಿ ಆ ಹುದ್ದೆ ಖಾಲಿಯೇ ಇರುವುದಿಲ್ಲ. ಹಾಗಾಗಿ ಗುರುಗಳಲ್ಲಿ ನನ್ನ ವಿನಂತಿ, ಆ ಕಾಲಂ ಅನ್ನು ಮಾರ್ಕ್ಸ್ ಕಾರ್ಡ್ ತುಂಬುವಷ್ಟೇ ಜೋಪಾನವಾಗಿ ತುಂಬಿ.

ಪ್ರಶ್ನೋತ್ತರದ ನಂತರ ಶೂನ್ಯವೇಳೆ, ಆಮೇಲೆ ಗಮನ ಸೆಳೆಯುವ ಸೂಚನೆಗಳು. ಅಷ್ಟರಲ್ಲಿ ಗದ್ದಲ ಶುರುವಾಯಿತು. ಸಭಾಪತಿಯವರ ಪೀಠದ ಮುಂದಿನ ಜಾಗಕ್ಕೆ ಸದನದ ಬಾವಿ ಎನ್ನುತ್ತಾರೆ. ಅಲ್ಲಿಗೆ ಇಳಿದು ಧರಣಿ ಮಾಡಿದರು. ನಮ್ಮ ಜಿಲ್ಲೆಯಲ್ಲಿ ತೆರೆದ ಬಾವಿ ಬತ್ತಿ ಸಾವಿರ ಅಡಿ ಬೋರ್‌ವೆಲ್‌ಗೆ ಬಂದಿದ್ದೇವೆ, ಅಲ್ಲಿ ಮಾತ್ರ ಬಾವಿ ತುಂಬಿರುತ್ತದೆ ಎಂದುಕೊಂಡೆ. ಸದನವನ್ನು ಸ್ವಲ್ಪ ಹೊತ್ತು ಮುಂದೂಡಿದರು. ಗದ್ದಲದಲ್ಲಿ ಯಾರ ಸೂಚನೆ ಹಾಳಾಯಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. 2020ರ ಡಿಸೆಂಬರ್ 15ರಂದು ಇದೇ ಸದನದಲ್ಲಿ ಉಪಸಭಾಪತಿಯವರನ್ನು ಪೀಠದಿಂದ ಎಳೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹಿರಿಯರ ಮನೆ ಎಂದು ಕರೆಸಿಕೊಳ್ಳುವ ಸದನಕ್ಕೆ ಅದು ಶೋಭೆಯಲ್ಲ. ಮಕ್ಕಳ ಮುಂದೆ ಇದನ್ನು ಮುಚ್ಚಿಟ್ಟು ಹೊಗಳಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ.

ಮಧ್ಯಾಹ್ನ ವಿಧೇಯಕಗಳು ಬಂದವು. ಪರವಾಗಿರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಎಂದು ಕೇಳಿ ಧ್ವನಿಮತದಿಂದ ಮುಗಿಸಿದರು. ಈ ಮನೆಗೆ ತಡೆದು ನೋಡುವ ಶಕ್ತಿ ಇದೆ, ಕೊನೆಯವರೆಗೆ ಹಿಡಿದಿಡುವ ಶಕ್ತಿ ಇಲ್ಲ. ಹಣಕಾಸಿನ ವಿಧೇಯಕವನ್ನು 14 ದಿನದೊಳಗೆ ಹಿಂದಿರುಗಿಸಬೇಕು. ಬೇರೆ ವಿಧೇಯಕವನ್ನು ಇಲ್ಲಿ ಬೀಳಿಸಿದರೂ ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಬಹುದು. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕಕ್ಕೆ ಆದದ್ದು ಹಾಗೆಯೇ. ಪರಿಷತ್ತಿನಲ್ಲಿ ಬಿತ್ತು, ಮತ್ತೆ ಬಂದು ಅಂಗೀಕಾರವಾಯಿತು. ನನ್ನ ಕೆಲಸದಲ್ಲೂ ಇಂಥದ್ದೊಂದಿದೆ. ನಾನು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪದೆ ಹೊರಗೆ ಬಿಡುವುದಿಲ್ಲ. ಓದುವವರು ಓದದೇ ಸಹಿ ಹಾಕಿದರೆ ಆ ಪದ್ಧತಿಯಿಂದ ತಡವಾಗುತ್ತದೆ ಅಷ್ಟೇ. ಓದಿ ನೋಡಿದರೆ ತಪ್ಪು ಸಿಗುತ್ತದೆ.

ಈ ಮನೆ ಬೇಕೇ ಎಂದು ಕೇಳುವವರಿದ್ದಾರೆ. ನಾವು ಗಡಿಯವರು, ಎರಡು ಕಡೆಯನ್ನೂ ನೋಡಿದ್ದೇವೆ. ಮಾಲೂರು ದಾಟಿದರೆ ತಮಿಳುನಾಡು, ಅಲ್ಲಿ 1986ರಲ್ಲಿ ಪರಿಷತ್ತನ್ನು ತೆಗೆದರು. ಮುಳಬಾಗಿಲು, ನಂಗಲಿ ದಾಟಿದರೆ ಆಂಧ್ರ, ಅಲ್ಲಿ 1985ರಲ್ಲಿ ತೆಗೆದು 2007ರಲ್ಲಿ ಮತ್ತೆ ತಂದರು. ದೇಶದಲ್ಲಿ ಈಗ ಆರು ರಾಜ್ಯಗಳಲ್ಲಷ್ಟೇ ಇದೆ. ನಮ್ಮದು 1907ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಶುರುವಾದದ್ದು.

ನಮ್ಮ ಜಿಲ್ಲೆಯವರೊಬ್ಬರು ಆ ಹಳೆಯ ಪರಿಷತ್ತಿನಲ್ಲಿ 1926ರಿಂದ 1940ರವರೆಗೆ ಸದಸ್ಯರಾಗಿದ್ದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು. ಕಗ್ಗದಿಂದ ನಾವು ಅವರನ್ನು ಬಲ್ಲೆವು, ಸದನದಲ್ಲಿದ್ದದ್ದನ್ನು ಮರೆತಿದ್ದೇವೆ. ಡಿವಿಜಿ ಮೆಟ್ರಿಕ್ಯುಲೇಷನ್ ಪಾಸಾಗಿರಲಿಲ್ಲ. ಇಂದಿನ ನಿಯಮದಲ್ಲಿ ಅವರಿಗೆ ಪದವೀಧರ ಕ್ಷೇತ್ರದ ಓಟು ಸಿಗುತ್ತಿರಲಿಲ್ಲ, ನನಗೆ ಸಿಗುತ್ತದೆ. ನನ್ನ ಗೆಳೆಯನಿಗೂ ಸಿಗುವುದಿಲ್ಲ.

ಇದು ನ್ಯಾಯವೇ ಎಂದು ಬಹಳ ಯೋಚಿಸಿದೆ. ಬಿಇ ಸರ್ಟಿಫಿಕೇಟಿಗೆ ಒಂದು ಓಟು ಹೆಚ್ಚು ಸಿಗುವುದು ಪೂರ್ತಿ ನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಕೊಟ್ಟಿದ್ದಾರೆ, ಕೈಯಲ್ಲಿದೆ. ಅದನ್ನು ನನ್ನದು ಎಂದುಕೊಂಡರೆ ಸೋಮಾರಿತನ ಮಾಡಬಹುದು, ನಾನು ಮಾಡಿದೆನಲ್ಲ. ಮೂರನೇ ಕೊಠಡಿಯಲ್ಲಿ ಪಕ್ಕದಲ್ಲಿ ಕೂತಿದ್ದವನದೂ ಹೌದು ಎಂದುಕೊಂಡರೆ ಸೋಮಾರಿತನಕ್ಕೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಇಲ್ಲಿರುವ ಪದವೀಧರರಿಗೆ ಒಂದು ಮಾತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಬರುವುದು ಆಗ್ನೇಯ ಪದವೀಧರ ಕ್ಷೇತ್ರಕ್ಕೆ. ಹಿಂದಿನ ಚುನಾವಣೆ 2020ರ ಅಕ್ಟೋಬರ್‌ನಲ್ಲಿ ಆಯಿತು, ಆರು ವರ್ಷದ ಲೆಕ್ಕದಲ್ಲಿ 2026ಕ್ಕೆ ಮತ್ತೆ ಸರದಿ. ಊರಿನಲ್ಲೇ ವಾಸವಿರುವವರು ಫಾರಂ 18 ತುಂಬಿ. ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ ಆಗುತ್ತದೆ. ಮದುವೆಯಾಗಿ ಬಂದ ಸೊಸೆಯಂದಿರ ಪದವಿ ಪತ್ರ ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಯಾರಿಗೆ ಓಟು ಎಂದು ನಾನು ಹೇಳುವುದಿಲ್ಲ. ಓಟು ಕೇಳಲು ಬಂದವರನ್ನು ಒಂದು ಪ್ರಶ್ನೆ ಮಾತ್ರ ಕೇಳಿ: ನಮ್ಮ ಶಾಲೆಯ ಹುದ್ದೆ ಖಾಲಿಯಾದರೆ ಎಷ್ಟು ದಿನದಲ್ಲಿ ಸದನದಲ್ಲಿ ಕೇಳುತ್ತೀರಿ?

ಮಕ್ಕಳೇ, ಪರೀಕ್ಷೆಯಲ್ಲಿ ಎಷ್ಟು ಎಂದು ಕೇಳಿದರೆ 75 ಎಂದೇ ಬರೆಯಿರಿ, ಅಂಕ ಬರುತ್ತದೆ. ಮನೆಗೆ ಹೋಗಿ, ಆ 75ರಲ್ಲಿ ನಮ್ಮ ಮನೆಯಿಂದ ಯಾರಿಗೆ ಓಟಿದೆ ಎಂದು ಅಪ್ಪ ಅಮ್ಮನನ್ನು ಕೇಳಿ. ನಾನು ಅದನ್ನು ಕೇಳಿಕೊಳ್ಳಲು ಇಪ್ಪತ್ತು ವರ್ಷ ತಡ ಮಾಡಿದೆ.