ಮಗು ಶಾಲೆ ಬಿಡುವ ಹೊತ್ತಿಗೆ ನಮ್ಮ ದಾನ ಎಲ್ಲಿರುತ್ತದೆ?

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ದಾನಿಗಳು ಹಾಗೂ ವಿದ್ಯಾರ್ಥಿಗಳ ಪಾಲಕರ ಮುಂದೆ ಮಾಡಿದ ಭಾಷಣ)



ಈ ಸಭೆಯಲ್ಲಿ ಕೊಡುವವರೂ ಇದ್ದೀರಿ, ಪಡೆಯುವವರೂ ಇದ್ದೀರಿ. ನಾವು ಇಬ್ಬರಿಗೂ ಬೇರೆ ಬೇರೆ ಮಾತು ತಂದಿಲ್ಲ. ನಾವು ಶಿಕ್ಷಕರು. ನಮ್ಮ ಮುಂದೆ ಯಾವಾಗಲೂ ಇದ್ದದ್ದು ಹಾಜರಿ ಪುಸ್ತಕ. ಇವತ್ತಿನ ಮಾತೂ ಆ ಪುಸ್ತಕದಿಂದಲೇ ಹುಟ್ಟಿದ್ದು.

ಮಗು ಒಂದೇ ದಿನ ಶಾಲೆ ಬಿಡುವುದಿಲ್ಲ. ಮೊದಲು ಸಂತೆಯ ದಿನ ಗೈರು. ಆಮೇಲೆ ಮಳೆಗೆ ಬಸ್ ಬರಲಿಲ್ಲವೆಂದು ಎರಡು ದಿನ. ತಮ್ಮನಿಗೆ ಜ್ವರ, ಅಮ್ಮಿ ಕೆಲಸಕ್ಕೆ ಹೋಗಿದ್ದಾರೆ ಎಂದು ಒಂದು ವಾರ. ಪರೀಕ್ಷೆಯ ಶುಲ್ಕ ಕೇಳಿದ ದಿನದಿಂದ ಹದಿನೈದು ದಿನ. ಒಂದು ಬೆಳಿಗ್ಗೆ ಅಬ್ಬಾ ಬಂದು ಟಿ.ಸಿ. ಕೇಳುತ್ತಾರೆ. ಆ ಬೆಳಿಗ್ಗೆ ನಾವು ಎಷ್ಟು ಬುದ್ಧಿ ಹೇಳಿದರೂ ತಡವಾಗಿರುತ್ತದೆ. ಉಳಿಸಿಕೊಳ್ಳುವ ಹೊತ್ತು ಅದಕ್ಕಿಂತ ಬಹಳ ಮೊದಲೇ ಕಳೆದುಹೋಗಿರುತ್ತದೆ. ಆ ಹೊತ್ತಿನಲ್ಲಿ ನಮ್ಮ ದಾನ ಎಲ್ಲಿತ್ತು? ಇದೇ ನಮ್ಮ ಇವತ್ತಿನ ಪ್ರಶ್ನೆ.

ಸರ್ಕಾರಿ ಶಾಲೆ ಪುಕ್ಕಟೆಯಲ್ಲವೇ, ಮತ್ತೆ ಟ್ರಸ್ಟಿನ ಹಣ ಏಕೆ ಎಂದು ದಾನಿಗಳು ಕೇಳುತ್ತಾರೆ. ಕೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಉಚಿತ ಶಿಕ್ಷಣವನ್ನು ಹಕ್ಕು ಮಾಡಿದೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ ಸಿಗುತ್ತದೆ, ಹತ್ತನೆಯವರೆಗೆ ಬಿಸಿಯೂಟವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಹೋಗಬಹುದು. ಇವೆಲ್ಲ ದೊಡ್ಡ ಉಪಕಾರಗಳು. ಆದರೂ ಮಕ್ಕಳು ಜಾರುವ ಎರಡು ಜಾಗಗಳು ಹಾಗೆಯೇ ಉಳಿದಿವೆ.

ಮೊದಲನೆಯದು ಏಳನೆಯ ಮತ್ತು ಎಂಟನೆಯ ತರಗತಿಯ ನಡುವೆ. ಖಾನಾಪುರ ತಾಲೂಕು ಕನ್ನಡ, ಮರಾಠಿ, ಉರ್ದು ಮೂರೂ ಮಾತುಗಳ ತಾಲೂಕು. ನಮ್ಮ ಮಕ್ಕಳಲ್ಲಿ ಹಲವರು ಊರಿನ ಉರ್ದು ಶಾಲೆಯಲ್ಲಿ ಕಲಿತು, ಹೈಸ್ಕೂಲಿಗೆ ಬೇರೆ ಊರಿಗೆ ಹೋಗಿ, ಅಲ್ಲಿ ಕನ್ನಡ ಮಾಧ್ಯಮದ ಬೆಂಚಿನ ಮೇಲೆ ಕೂರುತ್ತಾರೆ. ನಿನ್ನೆಯವರೆಗೆ ವಿಜ್ಞಾನದಲ್ಲಿ ರೋಶನಿ, ಹರಾರತ್ ಎಂದು ಥಟ್ಟನೆ ಉತ್ತರ ಹೇಳುತ್ತಿದ್ದ ಮಗು, ಬೆಳಕಿನ ವಕ್ರೀಭವನ, ಉಷ್ಣದ ವಹನ ಎಂದ ಕೂಡಲೇ ಮೌನವಾಗುತ್ತದೆ. ಬುದ್ಧಿ ಕಡಿಮೆಯಾಗಿಲ್ಲ, ಪದ ಸಿಕ್ಕಿಲ್ಲ ಅಷ್ಟೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ಮಗುವಿಗೆ ನಾಚಿಕೆಯಾಗುತ್ತದೆ, ಗೈರು ಶುರುವಾಗುತ್ತದೆ. ಇಲ್ಲಿ ಬೇಕಾಗಿರುವುದು ಹೊಸ ಬ್ಯಾಗಲ್ಲ. ಏಪ್ರಿಲ್, ಮೇ ರಜೆಯಲ್ಲಿ ಮತ್ತು ಶಾಲೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಪಕ್ಕದಲ್ಲಿ ಕೂತು ಪಾಠದ ಪದಗಳನ್ನು ಕನ್ನಡದಲ್ಲಿ ಹೇಳಿಕೊಡುವ ಒಬ್ಬರು ಬೇಕು. ನಿವೃತ್ತರಾದ ನಾವು ಹಲವರು ಈ ಕೆಲಸಕ್ಕೆ ಸಿದ್ಧರಿದ್ದೇವೆ. ಒಂದು ಕೋಣೆ, ಒಂದು ಕರಿಹಲಗೆ, ದೂರದ ಮಕ್ಕಳಿಗೆ ಹೋಗಿ ಬರುವ ಖರ್ಚು, ಸಂಜೆ ತಿನ್ನಲು ಏನಾದರೂ ಇದ್ದರೆ ಸಾಕು.

ಅದೇ ಹೊತ್ತಿಗೆ ಮಳೆ. ಕಣಕುಂಬಿ, ಜಾಂಬೋಟಿ ಕಡೆಯ ಮಳೆ ಎಂಥದ್ದೆಂದು ಶಹರದ ದಾನಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ. ಹೊಸ ಶಾಲೆ, ಹೊಸ ಭಾಷೆ, ದೂರದ ದಾರಿ, ಬಿಡದ ಮಳೆ ನಾಲ್ಕೂ ಒಂದೇ ಜೂನ್ ತಿಂಗಳಲ್ಲಿ ಮಗುವಿನ ಮೇಲೆ ಬೀಳುತ್ತವೆ. ಗಂಡುಮಕ್ಕಳಿಗೆ ಬಸ್ ಪಾಸಿನ ಹಣವೂ ಬೇಕು. ಹೀಗಾಗಿ ಛತ್ರಿ, ರೇನ್‌ಕೋಟ್, ಪಾಸು ಇವು ನಮ್ಮ ಲೆಕ್ಕಪತ್ರದಲ್ಲಿ ಚಿಲ್ಲರೆ ಬಾಬತ್ತುಗಳಾಗಬಾರದು.

ಎರಡನೆಯ ಜಾಗ ಎಸ್.ಎಸ್.ಎಲ್.ಸಿ. ಆದ ಮೇಲೆ. ಇಲ್ಲಿಂದ ಮುಂದೆ ಕಾಯ್ದೆಯ ಆಸರೆ ಇಲ್ಲ. ಪಿಯು ಪ್ರವೇಶ, ಪುಸ್ತಕ, ಸಮವಸ್ತ್ರ, ಬೆಳಗಾವಿಯಲ್ಲಿ ಓದುವುದಾದರೆ ಊಟ ವಸತಿ. ಇದರ ಜೊತೆಗೆ ಯಾವ ರಸೀದಿಯಲ್ಲೂ ಕಾಣದ ಖರ್ಚು ಒಂದಿದೆ: ಹುಡುಗ ದುಡಿದು ತರಬಹುದಾಗಿದ್ದ ಪಗಾರ. ಗೋವೆ ಹತ್ತಿರ. ಗ್ಯಾರೇಜು, ಬೇಕರಿ, ಪವರ್‌ಲೂಮು ಕೈಬೀಸಿ ಕರೆಯುತ್ತವೆ. ಹುಡುಗಿಯಾದರೆ ಮನೆಯಲ್ಲಿರಲಿ, ಒಳ್ಳೆಯ ಸಂಬಂಧ ಬಂದರೆ ನೋಡೋಣ ಎನ್ನುತ್ತಾರೆ. ನಾವು ಈ ಪಾಲಕರನ್ನು ಬಯ್ಯುವುದಿಲ್ಲ. ಮನೆಯ ಒಲೆ ಉರಿಯಬೇಕು. ಆದರೆ ಹತ್ತನೆಯ ತರಗತಿಯಲ್ಲಿ ನಿಂತ ಓದು ಮತ್ತೆ ಶುರುವಾಗುವುದು ಅಪರೂಪ ಎಂಬುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಈಗ ದಾನಿಗಳಿಗೆ ಮೂರು ಮಾತು.

ಮೊದಲನೆಯದು, ಹೊತ್ತು. ನಮ್ಮ ಸಮುದಾಯದಲ್ಲಿ ಝಕಾತ್ ಹೆಚ್ಚಾಗಿ ರಂಜಾನ್‌ನಲ್ಲಿ ಹೊರಬರುತ್ತದೆ. ಚಾಂದ್ರಮಾನದ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು, ಆದ್ದರಿಂದ ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ರಂಜಾನ್ ಜೂನ್ ಮೊದಲ ವಾರ ಶುರುವಾಯಿತು. ಶಾಲೆಯ ಬಾಗಿಲು ತೆರೆದ ಹೊತ್ತಿಗೇ ದಾನಿಯ ಕೈಯೂ ತೆರೆಯಿತು. 2026ರಲ್ಲಿ ಅದು ಫೆಬ್ರುವರಿ–ಮಾರ್ಚ್‌ಗೆ ಬಂದಿದೆ. ಇನ್ನು ಕೆಲವೇ ವರ್ಷಗಳಲ್ಲಿ ಜನವರಿಗೆ, ಆಮೇಲೆ ಡಿಸೆಂಬರ್‌ಗೆ ಹೋಗುತ್ತದೆ. ಶಾಲೆಯ ಶುಲ್ಕ ಮಾತ್ರ ಜೂನ್ ಬಿಟ್ಟು ಕದಲುವುದಿಲ್ಲ. ಹೀಗಾಗಿ ಝಕಾತ್ ರಂಜಾನ್‌ನಲ್ಲೇ ಕೊಡಿ, ಆದರೆ ಸದಕಾದ ಒಂದು ಪಾಲನ್ನು ತಿಂಗಳು ತಿಂಗಳು ಕೊಡಿ. ವರ್ಷಕ್ಕೊಮ್ಮೆ ಆರು ಸಾವಿರಕ್ಕಿಂತ ತಿಂಗಳಿಗೆ ಐನೂರು ನಮಗೆ ಹೆಚ್ಚು ಉಪಯೋಗ. ಮೊತ್ತ ಒಂದೇ, ಆದರೆ ಹಾಜರಿ ಕುಸಿಯುವ ತಿಂಗಳಲ್ಲಿ ಅದು ಕೈಯಲ್ಲಿರುತ್ತದೆ.

ಎರಡನೆಯದು, ಅಳತೆ. ಬಂದ ಅರ್ಜಿಗಳಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಬೇಕೇ, ಕೆಲವರಿಗೆ ಸಾಕಾಗುವಷ್ಟು ಕೊಡಬೇಕೇ ಎಂಬ ಚರ್ಚೆ ನಮ್ಮಲ್ಲಿ ಪ್ರತಿವರ್ಷ ಆಗುತ್ತದೆ. ಎಲ್ಲರಿಗೂ ಹಂಚುವುದು ನ್ಯಾಯವೆಂದು ಕಾಣುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಮಳೆಗಾಲದ ಮಲಪ್ರಭೆಗೆ ಅರ್ಧ ಸೇತುವೆ ಕಟ್ಟಿ ಪ್ರಯೋಜನವಿಲ್ಲ. ಶುಲ್ಕದ ಕಾಲುಭಾಗ ಕೊಟ್ಟ ಮಗು, ಉಳಿದ ಮುಕ್ಕಾಲು ಸಿಗದೆ ಶಾಲೆ ಬಿಟ್ಟರೆ, ನಮ್ಮ ಕಾಲುಭಾಗವೂ ನೀರಿಗೆ ಹೋಯಿತು. ನಮ್ಮ ಸಲಹೆ ಇಷ್ಟು: ಎಂಟನೆಯಲ್ಲಿ ಕೈಹಿಡಿದ ಮಗುವನ್ನು ಪಿಯು ಎರಡನೆಯ ವರ್ಷದವರೆಗೆ ಬಿಡಬಾರದು. ಹೊಸಬರನ್ನು ಸೇರಿಸಿಕೊಳ್ಳುವ ಮುನ್ನ ಹಳಬರ ಐದು ವರ್ಷಕ್ಕೆ ಹಣ ಇದೆಯೇ ಎಂದು ನೋಡಬೇಕು. ಇದರಿಂದ ಕೆಲವು ಅರ್ಜಿಗಳಿಗೆ ಇಲ್ಲವೆನ್ನಬೇಕಾಗುತ್ತದೆ. ಅದು ಕಷ್ಟದ ಮಾತು. ಆ ಮಾತನ್ನು ಹೇಳಬೇಕಾಗದಂತೆ ಮಾಡುವುದು ದಾನಿಗಳ ಕೈಯಲ್ಲಿದೆ.

ಮೂರನೆಯದು, ಬಾಳಿಕೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯೇ ನಮಗೆ ಪಾಠಶಾಲೆ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು; ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರ ಬರೆದು ವಿದ್ಯೆಗೆ ಬಿಟ್ಟಿದ್ದರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಇಂದಿಗೂ ಅವರ ಹೆಸರು ಹೊತ್ತಿದೆ. ಅದೇ 1906ರಲ್ಲಿ ಪಕ್ಕದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗ್ ಆರಂಭವಾಗುವಂತೆ ಮಾಡಿದರು. 1916ರಲ್ಲಿ ಇದೇ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಏಳು ಜನ. ಅವರನ್ನು ಸಪ್ತರ್ಷಿಗಳೆಂದು ಈಗಲೂ ನೆನೆಯುತ್ತಾರೆ. ನಮ್ಮವರಲ್ಲೂ ಈ ಪರಂಪರೆ ಹಳೆಯದು. ಮೊರಾಕ್ಕೊದ ಫೆಜ್ ಪಟ್ಟಣದಲ್ಲಿ 859ರಲ್ಲಿ ಖರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದವರು ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳೆಂದು ಪ್ರತೀತಿ. ಅದು ಬೆಳೆದು ದೊಡ್ಡ ವಿದ್ಯಾಕೇಂದ್ರವಾಯಿತು. ಬಂಗಾಳದ ಹೂಗ್ಲಿಯ ಹಾಜಿ ಮುಹಮ್ಮದ್ ಮೊಹ್ಸಿನ್ 1806ರಲ್ಲಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿದರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1836ರಲ್ಲಿ, ಅದೇ ನಿಧಿಯಿಂದ ಹೂಗ್ಲಿ ಕಾಲೇಜು ಶುರುವಾಯಿತು. ನಮ್ಮ ರಾಜ್ಯದಲ್ಲಿ ಭಟ್ಕಳದ ಅಂಜುಮನ್ 1919ರದ್ದು. ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಸಂಸ್ಥೆಯನ್ನು 1966ರಲ್ಲಿ ಕಟ್ಟಿದರು. ಇವರಲ್ಲಿ ಸಂಸ್ಥಾನಿಕರೂ ಇದ್ದರು, ಪಗಾರದ ಮೇಲೆ ಬದುಕಿದವರೂ ಇದ್ದರು. ಇವರೆಲ್ಲರ ದಾನ ಒಂದು ವರ್ಷಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಸದಕಾ ಜಾರಿಯಾ ಎಂದರೆ ಇದೇ ಅಲ್ಲವೇ? ನಮ್ಮಲ್ಲೂ ಒಂದು ಅಂಗಡಿಯ ಬಾಡಿಗೆ, ಒಂದು ಸಣ್ಣ ನಿವೇಶನ ವಿದ್ಯೆಗೆಂದು ನಿಂತರೆ, ಹಲವು ಮಕ್ಕಳ ಐದು ವರ್ಷದ ಮಾತು ಕೊಡಲು ಟ್ರಸ್ಟಿಗೆ ಧೈರ್ಯ ಬರುತ್ತದೆ.

ಹಣದ ಲೆಕ್ಕದ ಬಗ್ಗೆಯೂ ಒಂದು ಮಾತು. ಝಕಾತ್ ಎರಡೂವರೆ ಶೇಕಡ. ಲಕ್ಷಕ್ಕೆ 2,500 ರೂಪಾಯಿ. ಅದನ್ನು ಪಡೆಯುವ ಎಂಟು ವರ್ಗಗಳನ್ನು ಸೂರಃ ತೌಬಾದಲ್ಲಿ ಹೇಳಿದೆ. ಆದ್ದರಿಂದ ಝಕಾತ್ ಹಣ ಅರ್ಹ ಮಗುವಿಗೇ ಸೇರಬೇಕು. ಗೋಡೆಗೆ, ಕಚೇರಿಗೆ, ಕಾರ್ಯಕ್ರಮಕ್ಕೆ ಬೇರೆ ದೇಣಿಗೆಯಿಂದ ಖರ್ಚು ಮಾಡಬೇಕು. ಎರಡರ ಖಾತೆಯೂ ಬೇರೆ ಇರಬೇಕು. ಸಂದೇಹವಿದ್ದರೆ ನಿಮ್ಮ ಮಸೀದಿಯ ಆಲಿಮರನ್ನು ಕೇಳಿ ಕೊಡಿ. ಸದಕಾ ಕೊಡುವಾಗ ಮಾತ್ರ ಬಡವನ ಜಾತಿ, ಧರ್ಮ ಕೇಳಬೇಕಿಲ್ಲ. ನಮ್ಮ ಮಕ್ಕಳ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಮಗುವಿನ ಹಸಿವೂ ಹಸಿವೇ.

ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನಸ್ಸು ನೋಯಿಸಿದರೆ ದಾನ ವ್ಯರ್ಥವಾಗುತ್ತದೆಂದು ಕುರ್‌ಆನ್ ಎಚ್ಚರಿಸುತ್ತದೆ. ಹತ್ತನೆಯ ತರಗತಿಯ ಹುಡುಗಿಗೆ ವೇದಿಕೆಯ ಮೇಲೆ ಚೆಕ್ಕು ಹಿಡಿದು ಫೋಟೋಕ್ಕೆ ನಿಲ್ಲುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಮರುದಿನ ಅದೇ ಫೋಟೋ ಅವಳ ಗೆಳತಿಯರ ಮೊಬೈಲಿನಲ್ಲಿರುತ್ತದೆ. ಹಣ ನೇರವಾಗಿ ಶಾಲೆಗೋ ಬ್ಯಾಂಕ್ ಖಾತೆಗೋ ಹೋಗಲಿ. ಹಾಗಾದರೆ ದಾನಿಗೆ ಲೆಕ್ಕ ಸಿಗುವುದು ಹೇಗೆ? ವರದಿಯಲ್ಲಿ ಮಕ್ಕಳ ಹೆಸರು, ಮುಖ ಬೇಡ. ಎಂಟನೆಯಲ್ಲಿ ಎಷ್ಟು ಮಕ್ಕಳ ಕೈಹಿಡಿದೆವು, ಅವರಲ್ಲಿ ಎಷ್ಟು ಮಂದಿ ಹತ್ತನೆಯಲ್ಲಿದ್ದಾರೆ, ಎಷ್ಟು ಮಂದಿ ಪಿಯು ಮುಗಿಸಿದರು ಎಂದು ಪ್ರತಿವರ್ಷ ಮುದ್ರಿಸಲಿ. ಎಷ್ಟು ಹಂಚಿದೆವು ಎಂಬುದಕ್ಕಿಂತ ಎಷ್ಟು ಮಕ್ಕಳು ಉಳಿದರು ಎಂಬುದೇ ನಿಜವಾದ ಲೆಕ್ಕ.

ಈಗ ಪಾಲಕರಿಗೆ. ಅಕ್ಕಂದಿರೇ, ಅಣ್ಣಂದಿರೇ, ಈ ಹಣ ಭಿಕ್ಷೆಯಲ್ಲ, ತಲೆತಗ್ಗಿಸಬೇಡಿ. ಆದರೆ ಇದು ಅಮಾನತ್. ಮಗು ಶಾಲೆಗೆ ಹೋಗುವುದೇ ಅದರ ರಸೀದಿ. ಕಷ್ಟ ಬಂದರೆ ಟಿ.ಸಿ. ಕೇಳುವ ಮೊದಲು ನಮ್ಮಲ್ಲಿಗೆ ಬನ್ನಿ. ಮಗಳ ಮದುವೆಯ ಮಾತು ಬಂದರೆ, ಓದು ಮುಗಿಯಲಿ ಎಂದು ಹೇಳುವ ಹಕ್ಕು ನಿಮಗಿದೆ. ಹದಿನೆಂಟರ ಒಳಗಾದರೆ ಕಾನೂನೂ ಅದನ್ನೇ ಹೇಳುತ್ತದೆ.

ಸರ್ಕಾರದ ನೆರವನ್ನೂ ಬಿಡಬೇಡಿ. ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 1ರಿಂದ 8ನೆಯ ತರಗತಿಯವರಿಗೆ 2022ರಲ್ಲಿ ನಿಂತಿತು. ಅದು ಸಣ್ಣ ಮೊತ್ತವಾಗಿದ್ದರೂ ನೋಟ್‌ಬುಕ್ಕಿಗೆ, ಬೂಟಿಗೆ ಆಗುತ್ತಿತ್ತು; ಆ ಭಾರ ಈಗ ನಮ್ಮ ಮೇಲಿದೆ. ಮೆಟ್ರಿಕ್ ನಂತರದವರು ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಹಾಕಿ. ವೃತ್ತಿಪರ ಕೋರ್ಸಿನವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ. ಆರನೆಯ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಅರ್ಜಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಶಾಲೆಯಲ್ಲಿ ಫಾತಿಮಾ, ಆಧಾರ್‌ನಲ್ಲಿ ಫಾತೀಮಾಬಿ. ಒಂದು ಕಾಗದದಲ್ಲಿ ತಂದೆಯ ಹೆಸರಿನ ಮುಂದೆ ಸಾಬ ಇದೆ, ಇನ್ನೊಂದರಲ್ಲಿ ಇಲ್ಲ. ಮಗು ಒಂಬತ್ತನೆಯಲ್ಲಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸಲು ಅಲೆದಾಟ ಬಹಳ.

ಟ್ರಸ್ಟಿನ ಅರ್ಜಿಗೆ ಹೋದ ವರ್ಷದ ಅಂಕಪಟ್ಟಿ, ಶಾಲೆಯ ಶುಲ್ಕದ ಚೀಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಶನ್ ಕಾರ್ಡ್ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಲಗತ್ತಿಸಿ. ಬರೆಯಲು ಬಾರದವರು ಹಾಗೆಯೇ ಬನ್ನಿ, ನಾವು ಬರೆದುಕೊಡುತ್ತೇವೆ.

ಕೊಟ್ಟವರ ಸಂಪತ್ತಿನಲ್ಲಿ ಅಲ್ಲಾಹನು ಬರಕತ್ ನೀಡಲಿ, ಓದುವ ಮಕ್ಕಳಿಗೆ ಇಲ್ಮ್ ಮತ್ತು ಆರೋಗ್ಯ ನೀಡಲಿ. ಬರುವ ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದಾಗ ಈಗಿರುವ ಒಂದು ಹೆಸರೂ ಕಡಿಮೆಯಾಗದಿರಲಿ. ಆಮೀನ್.