ಮೈಸೂರು ಎಂದು ಹುಡುಕಿದರೆ ಸಿಗುವುದು

(ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹರೂಪ)



ಸಂಶೋಧನೆಗೆ ಹೊರಟವರು ಮೊದಲು ಬರೆಯಬೇಕಾದ ಅಧ್ಯಾಯದ ಹೆಸರೇ ಒಂದು ತಮಾಷೆ. ಅದನ್ನು ‘ಸಾಹಿತ್ಯ ಸಮೀಕ್ಷೆ’ ಎನ್ನುತ್ತಾರೆ. ಅಲ್ಲಿ ಕತೆ, ಕಾದಂಬರಿಗಳಿಗೆ ಕೆಲಸವಿಲ್ಲ. ಆರಿಸಿಕೊಂಡ ವಿಷಯದ ಮೇಲೆ ವಿದ್ವಾಂಸರು ಈವರೆಗೆ ಏನು ಬರೆದಿದ್ದಾರೆ, ಎಲ್ಲಿ ಒಪ್ಪಿದ್ದಾರೆ, ಎಲ್ಲಿ ಜಗಳವಾಡಿದ್ದಾರೆ ಎಂಬ ಲೆಕ್ಕವನ್ನು ಒಪ್ಪಿಸುವುದೇ ಆ ಅಧ್ಯಾಯದ ಕೆಲಸ. ಆದರೆ ನಮ್ಮ ಎಷ್ಟೋ ಮಹಾಪ್ರಬಂಧಗಳಲ್ಲಿ ಅದು ದಿನಸಿ ಅಂಗಡಿಯ ಚೀಟಿಯಂತೆ ಕಾಣುತ್ತದೆ. ಇಂಥವರು ಇಂಥ ಇಸವಿಯಲ್ಲಿ ಹೀಗೆಂದರು, ಇನ್ನೊಬ್ಬರು ಹಾಗೆಂದರು, ಮುಗಿಯಿತು. ಅವರಿಬ್ಬರಿಗೂ ಪರಸ್ಪರ ಏನು ತಕರಾರು ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ, ಓದುವವರಿಗೂ ಗೊತ್ತಾಗುವುದಿಲ್ಲ.

ಇದನ್ನು ಒಂದು ಉದಾಹರಣೆಯಿಂದಲೇ ನೋಡುವುದು ಒಳ್ಳೆಯದು. ವಿದ್ಯಾರ್ಥಿನಿಯೊಬ್ಬಳು ಕೈಗೆತ್ತಿಕೊಂಡ ಪ್ರಶ್ನೆ ಇದು ಎಂದುಕೊಳ್ಳೋಣ: ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಹಳ್ಳಿಯ ಅಧಿಕಾರವನ್ನು ಬದಲಾಯಿಸಿತೇ? ಪ್ರಶ್ನೆ ಹಳೆಯದೆಂದು ತಳ್ಳಿಹಾಕುವಂತಿಲ್ಲ. ಅರಸು ಕಾಲದಲ್ಲಿ ಕಾಯಿದೆಗೆ ಸೇರಿದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದಾಗ ಆ ಕಾಯಿದೆ ಯಾರಿಗೆ ಏನು ಕೊಟ್ಟಿತ್ತು ಎಂಬ ಮಾತು ಮತ್ತೆ ಎದ್ದಿತು. ಅಂಥ ಹೊತ್ತಿನಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಷ್ಟೇ ಗೊತ್ತಿದ್ದರೆ ಸಾಲದು.

ವಿದ್ಯಾರ್ಥಿನಿ ಗಣಕಯಂತ್ರದ ಮುಂದೆ ಕುಳಿತು ಇಂಗ್ಲಿಷಿನಲ್ಲಿ ‘ಕರ್ನಾಟಕ, ಭೂಸುಧಾರಣೆ’ ಎಂದು ಕೊಡುತ್ತಾಳೆ. ರಾಶಿ ರಾಶಿ ಬರುತ್ತದೆ. ಸಾಕಷ್ಟು ಸಿಕ್ಕಿತು ಎಂಬ ಸಮಾಧಾನವೂ ಆಗುತ್ತದೆ. ಮೊದಲ ತಪ್ಪು ಅಲ್ಲೇ ಆಗಿದೆ. ಈ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮುಂಚೆ ಬರೆದವರಿಗೆ ಇದು ಮೈಸೂರು ರಾಜ್ಯ. ಮೂಲ ಕಾಯಿದೆಯೇ 1961ರ ‘ಮೈಸೂರು ಭೂಸುಧಾರಣಾ ಕಾಯಿದೆ’. ಜಾರಿಗೆ ಬಂದದ್ದು 1965ರಲ್ಲಿ. ಅರಸು ಸರ್ಕಾರ ಮಾಡಿದ್ದು ಅದಕ್ಕೆ ತಿದ್ದುಪಡಿ. ‘ಕರ್ನಾಟಕ’ ಎಂದಷ್ಟೇ ಹುಡುಕಿದವಳಿಗೆ ತಿದ್ದುಪಡಿ ಸಿಗುತ್ತದೆ, ತಿದ್ದಿದ್ದು ಏನನ್ನು ಎಂಬುದು ಸಿಗುವುದಿಲ್ಲ. ಎಲ್ಲವೂ 1974ರಲ್ಲಿ ಆಕಾಶದಿಂದ ಇಳಿದಂತೆ ಕಾಣುತ್ತದೆ.

ಹಾಗೆಂದು ‘ಮೈಸೂರು’ ಎಂದು ಕೊಟ್ಟುಬಿಟ್ಟರೂ ಕೆಲಸ ಮುಗಿಯದು. 1956ಕ್ಕೆ ಮುಂಚಿನ ಮೈಸೂರೆಂದರೆ ಹಳೆಯ ಸಂಸ್ಥಾನ ಮಾತ್ರ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಕಡತ ಮುಂಬಯಿ ಪ್ರಾಂತ್ಯದ್ದು. ಗುಲಬರ್ಗಾ, ರಾಯಚೂರು, ಬೀದರ್ ಹೈದರಾಬಾದಿನ ನಿಜಾಮರದ್ದು. ಮಂಗಳೂರು ಮದ್ರಾಸಿನದ್ದು. ಕೊಡಗು ತಾನೇ ಬೇರೆ. ಗೇಣಿ ಪದ್ಧತಿಯೂ ಜಿಲ್ಲೆಗೊಂದು ತೆರ. ದಕ್ಷಿಣ ಕನ್ನಡದ ಮೂಲಗೇಣಿ, ಚಾಲಗೇಣಿಗಳ ಬಗ್ಗೆ ತಿಳಿಯಬೇಕಾದರೆ ಆ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ರೀತಿ ಬರೆದು ಹುಡುಕಬೇಕು. ಜಾತಿಯ ಹೆಸರುಗಳ ಕತೆಯೂ ಅಷ್ಟೇ. ಒಕ್ಕಲಿಗ ಎಂಬುದು ಇಂಗ್ಲಿಷಿನಲ್ಲಿ ಒಮ್ಮೆ ‘ವೊ’ದಿಂದ, ಒಮ್ಮೆ ‘ಒ’ದಿಂದ ಆರಂಭವಾಗುತ್ತದೆ. ಅರಸು ಅವರಂತೂ ವಿದ್ವಾಂಸರ ಬರಹದಲ್ಲಿ ‘ಅರ್ಸ್’. ಕನ್ನಡಿಗರು ಕರೆಯುವ ಹೆಸರಿನಿಂದ ಹುಡುಕಿದರೆ ಅವರ ಮೇಲಿನ ಮುಖ್ಯ ಲೇಖನಗಳು ಕೈತಪ್ಪುವ ಸಂಭವವೇ ಹೆಚ್ಚು.

ಊರಿನ ಹೆಸರೂ ಮೋಸ ಮಾಡಬಲ್ಲದು. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕುಳಿತು ಅಧ್ಯಯನ ಮಾಡಿದರು. ‘ಪ್ರಬಲ ಜಾತಿ’ ಎಂಬ, ಇಂದಿಗೂ ಚುನಾವಣೆ ಬಂದಾಗಲೆಲ್ಲ ಬಳಸುವ ಪರಿಕಲ್ಪನೆ ಆ ಅಧ್ಯಯನದ ಫಲ. 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಊರು ರಾಮಪುರ. ಆ ಹೆಸರು ಅವರು ಇಟ್ಟದ್ದು. ನಿಜವಾದ ಊರು ಕೊಡಗಹಳ್ಳಿ. ನಕ್ಷೆ ಹಿಡಿದು ರಾಮಪುರಕ್ಕೆ ಹೊರಟವರು ಬೇರೆಲ್ಲಿಗೋ ಹೋಗಿ ಸೇರುತ್ತಾರೆ. ಇನ್ನೊಂದು ಸಂಗತಿಯೂ ಉಂಟು. ಶ್ರೀನಿವಾಸರು ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ತುತ್ತಾದವು. 1976ರಲ್ಲಿ ಬಂದ ಅವರ ‘ದಿ ರಿಮೆಂಬರ್ಡ್ ವಿಲೇಜ್’ ಹೆಸರೇ ಹೇಳುವಂತೆ ನೆನಪಿನಿಂದ ಎದ್ದ ಹಳ್ಳಿ. ಪುಸ್ತಕದ ಬೆಲೆ ಅದರಿಂದ ಕಡಿಮೆಯಾಗಲಿಲ್ಲ. ಆದರೆ 1959ರ ಲೇಖನವನ್ನೂ 1976ರ ಪುಸ್ತಕವನ್ನೂ ಒಂದೇ ಉಸಿರಿನಲ್ಲಿ ಉಲ್ಲೇಖಿಸುವ ವಿದ್ಯಾರ್ಥಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಇನ್ನು ಅಸಲು ಜಗಳಕ್ಕೆ ಬರೋಣ. ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು 1977ರಲ್ಲಿ ಮೈಸೂರಿನ 1917ರಿಂದ 1955ರವರೆಗಿನ ರಾಜಕೀಯದ ಮೇಲೆ ಪುಸ್ತಕ ತಂದರು. ಅದೇ ವರ್ಷ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ, ರಾಜ್ಯ ರಾಜಕಾರಣದ ಮೇಲೆ ಲಿಂಗಾಯತ, ಒಕ್ಕಲಿಗರಿಗಿದ್ದ ಹಿಡಿತವನ್ನು ಅರಸು ಸಡಿಲಿಸಿದ ಬಗೆಯನ್ನು ವಿವರಿಸಿದರು. 1982ರಲ್ಲಿ ಲಲಿತಾ ನಟರಾಜ್ ಮತ್ತು ವಿ.ಕೆ. ನಟರಾಜ್ ಅದೇ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹದಲ್ಲೇ ‘ಜನಪ್ರಿಯತಾವಾದದ ಮಿತಿಗಳು’ ಎಂಬರ್ಥದ ಮಾತಿದೆ. ಮರುವರ್ಷ ನರೇಂದರ್ ಪಾಣಿ ಅವರ ಪುಸ್ತಕ ಬಂತು. ನಿಜವಾದ ಬದಲಾವಣೆ ಬಾರದಂತೆ ಮುಂಚಿತವಾಗಿಯೇ ತಡೆಯಲು ಮಾಡಿದ ಸುಧಾರಣೆ ಎಂಬ ಧ್ವನಿ ಅದರ ಹೆಸರಿನಲ್ಲೇ ಇದೆ. ಅದೇ 1983ರಲ್ಲಿ ಜಿ. ತಿಮ್ಮಯ್ಯ ಮತ್ತು ಅಬ್ದುಲ್ ಅಜೀಜ್ ‘ಏಷ್ಯನ್ ಸರ್ವೆ’ಯಲ್ಲಿ ಈ ಸುಧಾರಣೆಯ ರಾಜಕೀಯ ಅರ್ಥಶಾಸ್ತ್ರವನ್ನು ಬರೆದರು. 1987ರಲ್ಲಿ ಅತುಲ್ ಕೊಹ್ಲಿ ಕರ್ನಾಟಕ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ ಮೂರನ್ನೂ ಒಟ್ಟಿಗೆ ತೂಗಿ, ಇಲ್ಲಿನದು ಬಿಡಿಬಿಡಿ ಸುಧಾರಣೆ ಎಂದರು.

ಇವರಲ್ಲಿ ಯಾರು ಸರಿ? ಹಾಗೆ ಕೇಳುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರು ಯಾವುದರ ಪಕ್ಕದಲ್ಲಿಟ್ಟು ಅಳೆದರು? ಮ್ಯಾನರ್ ಕಣ್ಣೆದುರು ಇದ್ದದ್ದು ಹಳೆಯ ಮೈಸೂರು. ಅದರ ಪಕ್ಕ ಅರಸು ಕಾಲ ದೊಡ್ಡ ಜಿಗಿತವಾಗಿ ಕಂಡರೆ ಆಶ್ಚರ್ಯವಿಲ್ಲ. ಕೊಹ್ಲಿ ಪಕ್ಕದಲ್ಲಿಟ್ಟದ್ದು ಎಡಪಕ್ಷಗಳ ಬಂಗಾಳವನ್ನು. ಅದರ ಮುಂದೆ ಇಲ್ಲಿನದು ಮೋಟಾಗಿ ಕಂಡಿತು. ಹೊಲ ಅದೇ, ಅಳತೆಗೋಲು ಬೇರೆ. ವಿದ್ಯಾರ್ಥಿನಿಗೆ ಇಷ್ಟು ಹೊಳೆದ ದಿನ ಅವಳ ಅಧ್ಯಾಯ ದಿನಸಿ ಚೀಟಿಯಾಗಿ ಉಳಿಯುವುದಿಲ್ಲ.

ಈ ಹೆಸರುಗಳೆಲ್ಲ ಅವಳಿಗೆ ಸಿಗುವುದಾದರೂ ಹೇಗೆ? ಹುಡುಕು ಪೆಟ್ಟಿಗೆಗಿಂತ ಅಡಿಟಿಪ್ಪಣಿಯೇ ಹಳೆಯ ಹಾಗೂ ನಂಬಿಗಸ್ತ ದಾರಿ. ಇತ್ತೀಚಿನದೊಂದು ಒಳ್ಳೆಯ ಪುಸ್ತಕ ಹಿಡಿದು, ಉದಾಹರಣೆಗೆ ಪತ್ರಕರ್ತ ಇ. ರಾಘವನ್ ಮತ್ತು ಮ್ಯಾನರ್ ಸೇರಿ 2009ರಲ್ಲಿ ತಂದ ಕರ್ನಾಟಕ ರಾಜಕಾರಣದ ಪುಸ್ತಕ ಹಿಡಿದು, ಅದರ ಟಿಪ್ಪಣಿಗಳ ಬೆನ್ನು ಹತ್ತಿದರೆ ಹಿಂದಿನ ಕಾಲಕ್ಕೆ ಹೋಗಬಹುದು. ಮುಂದಕ್ಕೆ ಬರುವುದು, ಎಂದರೆ 1977ರ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂದು ತಿಳಿಯುವುದು, ಒಂದು ಕಾಲಕ್ಕೆ ಕಷ್ಟವಿತ್ತು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನಕ್ಕೂ, 1973ರ ಹೊತ್ತಿಗೆ ಸಮಾಜ ವಿಜ್ಞಾನಗಳಿಗೂ ಉಲ್ಲೇಖ ಸೂಚಿ ತಂದಾಗ ಅದು ದಪ್ಪ ದಪ್ಪ ಸಂಪುಟಗಳ ವ್ಯವಹಾರ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಅದನ್ನು ಪ್ರತಿ ಶೀರ್ಷಿಕೆಯ ಕೆಳಗಿನ ಒಂದು ಸಾಲಿಗೆ ಇಳಿಸಿದೆ. ಆ ಸಾಲಿನ ಅಂಕಿ ಉಲ್ಲೇಖಗಳ ಎಣಿಕೆಯೇ ಹೊರತು ಗುಣದ ಅಂಕವಲ್ಲ. ಬೈಯುವುದಕ್ಕೆ ಉಲ್ಲೇಖಿಸಿದವರೂ ಅದರಲ್ಲಿ ಸೇರಿರುತ್ತಾರೆ.

ಓದಲು ಸಿಗುವುದು ಮತ್ತೊಂದು ಪಾಡು. 1966ರಿಂದೀಚಿನ ‘ವೀಕ್ಲಿ’ಯ ಹಳೆಯ ಸಂಚಿಕೆಗಳು ಜೆಸ್ಟೋರ್ ಭಂಡಾರದಲ್ಲಿವೆ. ಪಿಎಚ್.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ಯಾರಿಗೂ ಮುಕ್ತ. 2025ರ ಜನವರಿಯಲ್ಲಿ ಕೇಂದ್ರ ಆರಂಭಿಸಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳನ್ನು ತೆರೆಯುವ ಉದ್ದೇಶದ್ದು. ಖಾಸಗಿ ಕಾಲೇಜಿನಲ್ಲಿ ಓದುವವರು ಆ ಬಾಗಿಲಿನ ಹೊರಗೇ ಉಳಿದರು. ಅಂಥವರಿಗೆ ಬೆಂಗಳೂರಿನ ನಾಗರಬಾವಿಯಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯದಂಥ ಜಾಗವನ್ನು ಹುಡುಕಿಕೊಂಡು ಹೋಗುವುದೇ ದಾರಿ. ಗ್ರಂಥಪಾಲಕರ ಪರಿಚಯ ಮಾಡಿಕೊಳ್ಳಲು ನಾಚಬಾರದು. ಕಪಾಟಿನಲ್ಲಿ ಏನಿದೆ ಎಂಬುದು ಯಂತ್ರಕ್ಕಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಸಿಕ್ಕಿದ್ದೆಲ್ಲ ನಂಬಲರ್ಹವಲ್ಲ. ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ಬೇಕಾದಷ್ಟಿವೆ. ಇವನ್ನು ದೂರವಿಡಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಆರಂಭಿಸಿದ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಆಯೋಗವೇ ಕೈಬಿಟ್ಟಿತು. ಪಟ್ಟಿ ಹೋಯಿತು, ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಲೇಖನವನ್ನು ಬೇರೆ ವಿದ್ವಾಂಸರು ಓದಿ ಒಪ್ಪಿದ್ದಾರೆಯೇ ಎಂದು ನೋಡುವ ಕೆಲಸ ಓದುವವರ ಹೆಗಲಿಗೇ ಬಂತು. ಇದರ ಮೇಲೆ ಹೊಸದೊಂದು ಕಾಟ ಶುರುವಾಗಿದೆ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಯಂತ್ರಗಳು ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು ಅಂಟಿಸಿ, ಸಂಪುಟ, ಪುಟಸಂಖ್ಯೆ ಸಮೇತ ಒಪ್ಪಿಸಬಲ್ಲವು. ಲೇಖನವನ್ನು ತೆರೆದು ಕಣ್ಣಾರೆ ನೋಡದೆ ಪಟ್ಟಿಗೆ ಸೇರಿಸಿದವರು ವೈವಾದ ದಿನ ಉತ್ತರ ಹುಡುಕಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಒಂದು ದೊಡ್ಡ ತೂತು ಉಳಿದಿರುತ್ತದೆ. ಅದರಲ್ಲಿ ಕನ್ನಡ ಇರುವುದಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ಈ ಹೋರಾಟದ ಜೊತೆಗೇ ಬೆಳೆಯಿತು. 1974ರ ಕಾಯಿದೆಗೆ ನೆಲ ಹದ ಮಾಡಿದ ಚಳವಳಿಗಳಲ್ಲಿ ಇದು ಮುಖ್ಯವಾದದ್ದು. ಇದರ ಮೇಲೆ ಜಿ. ರಾಜಶೇಖರ ‘ಕಾಗೋಡು ಸತ್ಯಾಗ್ರಹ’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಉಲ್ಲೇಖ ಸೂಚಿಗಳು ಹೆಚ್ಚಾಗಿ ಇಂಗ್ಲಿಷ್ ಪತ್ರಿಕೆಗಳನ್ನೇ ಎಣಿಸುವುದರಿಂದ ಇಂಥ ಪುಸ್ತಕ ಅವುಗಳ ಬಲೆಗೆ ಸುಲಭವಾಗಿ ಬೀಳುವುದಿಲ್ಲ. ಬೀಳದ್ದು ಇಲ್ಲವೇ ಇಲ್ಲ ಎಂದು ಬರೆದುಬಿಡುವುದು ನಮ್ಮ ಸಂಶೋಧಕರ ದೊಡ್ಡ ಅಪರಾಧ. ‘ಈ ವಿಷಯದ ಮೇಲೆ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯದ ಅರ್ಥ ಎಷ್ಟೋ ಸಲ ‘ಇಂಗ್ಲಿಷಿನಲ್ಲಿ ನನಗೆ ಸಿಗಲಿಲ್ಲ’ ಎಂದಷ್ಟೇ.

ಆಕರಗಳು ಬೇರೆ ಕಡೆಯೂ ಇವೆ. ತಿದ್ದುಪಡಿ ಮಸೂದೆ ಸದನಕ್ಕೆ ಬಂದಾಗ ಯಾವ ಶಾಸಕರು ಏನು ಮಾತಾಡಿದರು ಎಂಬುದು ವಿಧಾನಮಂಡಲದ ನಡಾವಳಿ ಸಂಪುಟಗಳಲ್ಲಿದೆ. ಹಿಂದುಳಿದ ವರ್ಗಗಳ ಬಗ್ಗೆ ಎಲ್.ಜಿ. ಹಾವನೂರ್ ಆಯೋಗ 1975ರಲ್ಲಿ ಕೊಟ್ಟ ವರದಿ ಇದೆ. ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಹಾಕಿದ 7ನೇ ನಮೂನೆಯ ಅರ್ಜಿಗಳಿವೆ. ಇವು ಮೂಲ ದಾಖಲೆಗಳು. ವಿದ್ವಾಂಸರ ಬರಹಗಳ ಸಮೀಕ್ಷೆಯಲ್ಲಿ ಇವುಗಳಿಗೆ ನೇರ ಜಾಗವಿಲ್ಲ ಎನ್ನುವವರಿದ್ದಾರೆ. ಮಾತು ಒಪ್ಪತಕ್ಕದ್ದೇ. ಆದರೆ ಯಾವ ವಿದ್ವಾಂಸರು ಇವನ್ನು ತೆರೆದು ನೋಡಿದರು, ಯಾರು ನೋಡದೆಯೇ ತೀರ್ಪು ಕೊಟ್ಟರು ಎಂದು ಪರೀಕ್ಷಿಸುವುದು ಸಮೀಕ್ಷೆಯ ಕೆಲಸವೇ.

ಹುಡುಕಾಟ ನಿಲ್ಲಿಸುವುದು ಯಾವಾಗ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೊಸದಾಗಿ ತೆರೆದ ಪುಸ್ತಕದ ಅಡಿಟಿಪ್ಪಣಿಯಲ್ಲಿ ಬರುವ ಹೆಸರುಗಳೆಲ್ಲ ಆಗಲೇ ಪರಿಚಿತವಾಗಿದ್ದರೆ, ಇಂಗ್ಲಿಷಿನ ಮಟ್ಟಿಗೆ ಸುತ್ತು ಮುಗಿಯಿತು ಎನ್ನಬಹುದು. ಆಗ ಸಾಗರದ ಬಸ್ಸು ಹತ್ತಬಹುದು.